ಸತ್ತವನ ಕಾಲುಚೀಲ

"ಇವನಪ್ಪ ನಮ್ಮ ಗುಡ್ಡದಲ್ಲಿ ಫೆನಿಗೆ ಗೇರುಹಣ್ಣು ತುಳಿದು, ಕಾಲು ತೊಳೆಯೋಕೆ ನೀರು ಬೇಕಾದ್ರೆ ಹಿಂಬಾಗಿಲಲ್ಲಿ ನಿಂತು ಕೆಮ್ಮುತಿದ್ದ. ಕರೆಯೋ ಧೈರ್ಯ ಇರಲಿಲ್ಲ, ಕೆಮ್ಮೋದು. ಮಗನಿಗೆ ಸರ್ಕಾರ ಖಾಕಿ ಕೊಡ್ತು, ಸೊಂಟಕ್ಕೆ ಪಿಸ್ತೂಲು ಕೊಡ್ತು. ಈಗ ನೋಡಿ, ಸತ್ತವನ ಕಾಲುಚೀಲ ಮೂಸ್ಕೊಂಡು ತಿರುಗ್ತಿದಾನೆ. ಆ ಕೆಲಸಕ್ಕೆ ನಾಯಿ ಸಾಕಿತ್ತು."

ಎರಾಸ್ಮೊ ಫುರ್ತಾದ್ ಇಷ್ಟನ್ನೂ ದನಿ ಏರಿಸದೆ ಹೇಳಿದರು. ಏರಿಸುವ ಅಗತ್ಯ ಅವರಿಗೆ ಯಾವತ್ತೂ ಬಿದ್ದಿರಲಿಲ್ಲ. ಕಾರ್ವೊಟಾ ಊರಿನ ಅರ್ಧ ಭೂಮಿಗೆ ಅವರು ಭಾಟ್ಕಾರ, ಅಂದರೆ ಧಣಿ. ಅವರು ಪಿಸುಗುಟ್ಟಿದರೂ ಊರು ಕಿವಿ ಅಗಲಿಸಿಕೊಂಡು ಕೇಳುತ್ತದೆ.

ಏಳನೇ ದಿನದ ಪೂಜೆ ಆಗಷ್ಟೇ ಮುಗಿದಿತ್ತು. ಇಗರ್ಜಿಯ ಅಂಗಳದ ತುಂಬ ಕಪ್ಪು ಬಟ್ಟೆಯ ಜನ. ಯಾರೋ ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ ನಕ್ಕರು. ನಗದಿದ್ದರೆ ಧಣಿ ನೋಡಿಬಿಟ್ಟಾರು ಎಂದು ನಕ್ಕವರೇ ಹೆಚ್ಚು.

ಸಬ್‌ಇನ್‌ಸ್ಪೆಕ್ಟರ್ ದಿಗಂಬರ ವೇಳಿಪ್ ಟೋಪಿಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದ. ಕಿವಿಯ ತುದಿ ಕಾದ ಕಬ್ಬಿಣವಾಗಿತ್ತು. ಕೈ ಎತ್ತಿದರೆ ಕೆಲಸ ಹೋಗುತ್ತದೆ, ಬಾಯಿ ಎತ್ತಿದರೆ ಕೇಸು ಹೋಗುತ್ತದೆ.

ಪಿಟೀಲು ಬಾರಿಸುವ ಮಿಂಗೆಲ್ ಶಿಲುಬೆಕಟ್ಟೆಯ ಪ್ರಾರ್ಥನೆ ಮುಗಿಸಿ ಮನೆಗೆ ನಡೆದು ಹೋಗುವಾಗ ಫುರ್ತಾದ್ ಮನೆಯ ಕಾರು ಗುದ್ದಿ ಸತ್ತಿದ್ದ. ಆ ಮನೆಯ ಡ್ರೈವರ್ ರುಜಾರ್ ಅದೇ ರಾತ್ರಿ ಠಾಣೆಗೆ ಬಂದು, ಗುದ್ದಿದ್ದು ತಾನೇ ಎಂದು ಒಪ್ಪಿಕೊಂಡಿದ್ದ. ಊರಿಗೆ ಅಲ್ಲಿಗೆ ಮುಗಿದಿತ್ತು. ದಿಗಂಬರನಿಗೆ ಮುಗಿದಿರಲಿಲ್ಲ. ಓಡಿಸಿದ್ದು ಧಣಿಯ ಮಗ ಎಂಬ ಗುಮಾನಿ ಅವನದು.

"ಮೂಸಿದ್ದು ನಿಜ ಪಾತ್ರಾಂವ್," ಎಂದ. ಊರೆಲ್ಲ ಅವರನ್ನು ಹಾಗೇ ಕರೆಯುವುದು, ಒಡೆಯ ಅಂತ. ಅವನ ಬಾಯಿಗೂ ಅದೇ ಬರುತ್ತದೆ, ಬರಬಾರದೆಂದು ಎಷ್ಟು ಹಲ್ಲು ಕಚ್ಚಿದರೂ. "ಏನು ವಾಸನೆ ಬಂತು ಅಂತ ಕೇಳಲ್ವಾ?"

"ಫೆನಿ. ಇನ್ನೇನು ಪನ್ನೀರು ಬರತ್ತಾ? ಕಂಠಮಟ್ಟ ಕುಡಿದು ರಸ್ತೆ ಮಧ್ಯೆ ಮಲಗಿದ್ದ. ಬೂಟು ಬಿಚ್ಚಿಟ್ಟು, ಪಿಟೀಲು ಪೆಟ್ಟಿಗೆ ತಲೆದಿಂಬು ಮಾಡ್ಕೊಂಡು. ದೇವರು ಕ್ಷಮಿಸಲಿ. ಪೂಜೆ ನಾನೇ ಹೇಳಿಸಿದೀನಿ."

ಮೆಟ್ಟಿಲ ಮೇಲೆ ಮಿಂಗೆಲ್‌ನ ಹೆಂಡತಿ ಆರ್ಮಿಂಡ್ ನಿಂತಿದ್ದಳು. ಅವಳಿಗೆ ಕೇಳಿಸಲಿ ಎಂದೇ ಹೇಳಿದ ಮಾತು ಅದು.

"ನಾಳೆ ನನ್ನ ಮಗ ಲೀನೊ ವಿಮಾನ ಹತ್ತಿ ಹಡಗಿನ ಕೆಲಸಕ್ಕೆ ಹೊರಡ್ತಾನೆ. ಇವತ್ತು ಮಧ್ಯಾಹ್ನ ಬಾ, ಒಂದು ಗ್ಲಾಸು ಹಾಕ್ಕೊಂಡು ಹೋಗು," ಎಂದು ಫುರ್ತಾದ್ ಕೋಲೂರಿ ತಿರುಗಿದರು. "ಹಿಂಬಾಗಿಲು ತೆಗೆದೇ ಇರತ್ತೆ."

ಈ ಸಲ ನಗು ಜೋರಾಗಿತ್ತು.

ಆರ್ಮಿಂಡಳ ಮನೆ ಇಗರ್ಜಿಯ ಹಿಂದಿನ ಓಣಿಯಲ್ಲಿ. ಅವಳು ಬಾಗಿಲು ತೆರೆಯುತ್ತಲೇ ಕೇಳಿದಳು:

"ಅಷ್ಟು ಜನರ ಮುಂದೆ ಅಂದ್ರಲ್ಲ, ಸುಮ್ನೆ ಯಾಕೆ ನಿಂತಿದ್ದೆ ಮಗಾ?"

"ನನ್ನಪ್ಪನ ವಿಷಯ ಅವರು ಅಂದದ್ದು ಸುಳ್ಳಲ್ಲ ಬಾಯ್," ಎಂದ ದಿಗಂಬರ. ಊರಿನ ಹಿರಿಯ ಹೆಂಗಸರನ್ನು ಕರೆಯುವುದು ಹಾಗೇ. "ಕೆಮ್ಮುತಿದ್ದ."

"ನನ್ನ ಗಂಡನ ವಿಷಯ ಅಂದದ್ದು ಸುಳ್ಳು."

"ಅದಕ್ಕೇ ಬಂದಿದ್ದು."

ಅವನು ಠಾಣೆಯಿಂದ ತಂದಿದ್ದ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಟ್ಟು ಗಂಟು ಬಿಚ್ಚಿದ. ಒಂದು ಜೊತೆ ಕಪ್ಪು ಬೂಟು. ಒಂದೊಂದರ ಒಳಗೂ ಅದರದರ ಕಾಲುಚೀಲ, ಅಚ್ಚುಕಟ್ಟಾಗಿ ಉಂಡೆ ಮಾಡಿ ತುರುಕಿದ್ದು. ರಸ್ತೆಯಂಚಿನಲ್ಲಿ ಪಕ್ಕಪಕ್ಕ ಜೋಡಿಸಿಟ್ಟದ್ದು ಹೀಗೇ ಸಿಕ್ಕಿತ್ತು. ಬೂಟು ಕಳಚಿ ಮಲಗುವುದು ಕುಡುಕರ ಶಾಸ್ತ್ರ, ಪಂಚನಾಮೆ ಬರೆದವನಿಗೆ ಅಷ್ಟು ಸಾಕಾಗಿತ್ತು.

ಆರ್ಮಿಂಡ್ ಮುಟ್ಟಲಿಲ್ಲ. ನೋಡಿದಳು. ಆಮೇಲೆ ಅವಳ ತುಟಿಯ ಮೂಲೆ ಅಲುಗಿತು.

"ಮದುವೆಯಾದಾಗಿನಿಂದ ಆ ಮನುಷ್ಯನ ಕಾಲುಚೀಲ ಹುಡುಕಿದೀನಿ. ಒಂದು ಮಂಚದಡಿ ಇದ್ದರೆ ಇನ್ನೊಂದು ಕೋಳಿಗೂಡಿನ ಮೇಲೆ. ಹೀಗೆ ಉಂಡೆ ಮಾಡಿಟ್ಟಿದ್ರೆ ನಾನು ಪಾದ್ರಿ ಹತ್ರ ಓಡಿಹೋಗಿ ಪವಾಡ ಆಯ್ತು ಅಂತಿದ್ದೆ."

"ಅವರೇ ಬೂಟು ಬಿಚ್ಕೋತಿದ್ರಾ?"

"ಮೊಣಕಾಲು ಬಗ್ಗಲ್ಲ. ಎತ್ತರದ ಕುರ್ಚಿ ಬೇಕು, ಇಲ್ಲ ನಾನು ಬೇಕು. ರಸ್ತೆ ಮೇಲೆ ಎರಡೂ ಇರಲಿಲ್ಲ."

"ಇದನ್ನ ಒಂದ್ಸಲ ಮೂಸಿ ಬಾಯ್. ನಾನು ಮೂಸಿ ಬೈಸಿಕೊಂಡಾಗಿದೆ, ಇನ್ನು ನಿಮ್ಮ ಸರದಿ."

ಅವಳು ಎಡಗಾಲಿನ ಚೀಲವನ್ನು ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿಕೊಂಡಳು. ಗಂಡನ ವಾಸನೆ ಇದೆಯಾ ಎಂದು ಮೊದಲು ಹುಡುಕಿದಳೇನೋ. ಆಮೇಲೆ ಕಣ್ಣು ಬಿಟ್ಟಳು.

"ಜೀರಿಗೆ."

"ಹೂಂ."

"ಇದು ಕುಡಿಯೋ ಫೆನಿ ಅಲ್ಲ. ಜೀರಿಗೆ ನೆನೆಹಾಕಿದ್ದು, ಅಜ್ಜಿಯರ ಫೆನಿ. ಮಗುವಿಗೆ ಹೊಟ್ಟೆ ಉಬ್ಬರಿಸಿದ್ರೆ ಹೊಕ್ಕುಳಿಗೆ ಹಚ್ಚೋದು. ಯಾರಾದ್ರೂ ಪ್ರಜ್ಞೆ ತಪ್ಪಿ ಬಿದ್ರೆ ಅಂಗಾಲಿಗೆ ಉಜ್ಜೋದು." ಅವಳು ತಡೆದಳು. "ಅಂಗಾಲಿಗೆ ಉಜ್ಜಿ, ಕೈ ಇದಕ್ಕೆ ಒರೆಸಿದಾರೆ."

ಆಸ್ಪತ್ರೆಯ ವರದಿ ನಿನ್ನೆ ಅವನ ಕೈಸೇರಿತ್ತು. ಮಿಂಗೆಲ್‌ನ ರಕ್ತದಲ್ಲಿ ಮದ್ಯ ಒಂದು ಹನಿಯೂ ಇರಲಿಲ್ಲ. ಹೊಟ್ಟೆಯಲ್ಲಿ ಇದ್ದದ್ದು ಬೇಯಿಸಿದ ಕಡಲೆ. ಎರಡೂ ಕಾಲಿನ ಮೂಳೆ ಕಾರಿನ ಮುಂಬದಿಯ ಎತ್ತರಕ್ಕೆ ಸರಿಯಾಗಿ ಮುರಿದಿತ್ತು. ನಿಂತವನ ಮೂಳೆ ಹಾಗೆ ಮುರಿಯುತ್ತದೆ, ಮಲಗಿದವನದಲ್ಲ. ಸತ್ತದ್ದು ತೊಡೆಯ ರಕ್ತ ಸೋರಿ, ನಿಧಾನವಾಗಿ. "ಬಿಗಿಯಾಗಿ ಒಂದು ಬಟ್ಟೆ ಕಟ್ಟಿ ಆಗಲೇ ತಂದಿದ್ರೆ..." ಎಂದು ವೈದ್ಯೆ ಹೇಳಿ ಉಳಿದದ್ದನ್ನು ನುಂಗಿದ್ದಳು.

ಅಷ್ಟನ್ನೂ ಅವನು ಆರ್ಮಿಂಡಳಿಗೆ ಹೇಳಲಿಲ್ಲ. ಮೊದಲಿನ ಮೂರು ಮಾತು ಹೇಳಿದ, ಕೊನೆಯದನ್ನು ಬಿಟ್ಟ.

"ಹಾಗಾದ್ರೆ ಗುದ್ದಿದ ಕಾರಿನಿಂದ ಯಾರೋ ಇಳಿದಿದಾರೆ," ಎಂದಳು ಅವಳು.

"ಇಳಿದಿದಾರೆ. ಬೂಟು ಕಳಚಿದಾರೆ, ತಲೆ ಎತ್ತಿ ಅಡಿಗೆ ಪಿಟೀಲು ಪೆಟ್ಟಿಗೆ ಕೊಟ್ಟಿದಾರೆ. ಅದನ್ನೇ ತಗೊಂಡು ನಮ್ಮೋರು ಕುಡುಕ ಅಂತ ಬರೆದಿದಾರೆ."

"ಇಳಿದೋರು ಹತ್ತಿ ಹೋದ್ರು."

"ಹೋದ್ರು."

"ಆಗ ಇವರಿಗೆ ಜೀವ ಇತ್ತಾ?"

"ಸತ್ತವನ ಅಂಗಾಲಿಗೆ ಯಾರೂ ಫೆನಿ ಉಜ್ಜಲ್ಲ ಬಾಯ್."

ಆರ್ಮಿಂಡ್ ಕಾಲುಚೀಲವನ್ನು ಮತ್ತೆ ಉಂಡೆ ಮಾಡಲು ಹೋದಳು. ಅವನೇ ಇಸಿದುಕೊಂಡು ಚೀಲಕ್ಕೆ ಹಾಕಿದ.

ರಸ್ತೆಯ ತಿರುವಿನಲ್ಲಿ ಸಾಂತಾನನ ಬಾರು. ಭಾನುವಾರದ ಪೂಜೆ ಮುಗಿಸಿದ ಗಂಡಸರು ಮನೆಗೆ ಹೋಗುವ ದಾರಿ ಅಲ್ಲೇ ಮರೆಯುವುದು. ದಿಗಂಬರ ಒಳಗೆ ಬಂದಾಗ ಒಬ್ಬ ಮೂಗು ಮುಚ್ಚಿಕೊಂಡು, "ಕಾಲು ಒಳಗೆಳ್ಕೊಳ್ಳಿ, ಮೂಸೋನು ಬಂದ," ಎಂದ.

"ನಿನ್ನದನ್ನ ಮೂಸಿದ್ರೆ ಸರ್ಕಾರ ನನಗೆ ಪಿಂಚಣಿ ಕೊಡ್ಬೇಕಾಗತ್ತೆ," ಎಂದು ದಿಗಂಬರ ಬೆಂಚಿನ ಮೇಲೆ ಕೂತ. "ಸಾಂತಾನ್, ಅವತ್ತು ಶಿಲುಬೆಕಟ್ಟೆ ಹತ್ರ ಲೀನೊ ಕುಡಿದಿದ್ನಾ?"

"ಇಲ್ಲ. ಅದೇ ಶಿಲುಬೆ ಆಣೆ. ಮೊದಲೂ ಹೇಳಿದೀನಿ."

"ಪ್ರಾರ್ಥನೆ ಆದ್ಮೇಲೆ ಕಡಲೆ ಹಂಚಿದ್ದು?"

"ನನ್ನ ಹೆಂಡತಿ."

"ಫೆನಿ ಗ್ಲಾಸು?"

"ನಾನು."

"ಲೀನೊಗೆ ಕೊಟ್ಯಾ?"

"ಕೊಡದೆ? ಭಾಟ್ಕಾರರ ಮಗ. ಕೈ ಚಾಚಿದಷ್ಟು ಸಲ ಕೊಟ್ಟೆ. ದೇವರ ಮುಂದೆ ಯಾರು ಎಣಿಸ್ತಾರೆ?"

"ಅಂದ್ರೆ ಕುಡಿದಿದ್ದ."

ಸಾಂತಾನ್ ಅವನನ್ನು ಮಂಕುದಿಣ್ಣೆಯನ್ನು ನೋಡುವ ಹಾಗೆ ನೋಡಿದ. "ಅದು ಪ್ರಾರ್ಥನೇದು ಕಣೋ. ಕುಡಿಯೋದು ಅಂದ್ರೆ ಇಲ್ಲಿ ಬಂದು ಕುಡಿಯೋದು."

ಉಳಿದವರು ತಲೆಯಾಡಿಸಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಇಷ್ಟು ದಿನ ದಿಗಂಬರ ಇಪ್ಪತ್ತು ಬಾಯಲ್ಲಿ ಕೇಳಿದ್ದು ಇದೇ "ಇಲ್ಲ". ಇಪ್ಪತ್ತೂ ಪ್ರಾಮಾಣಿಕ. ಈ ಊರಿನಲ್ಲಿ ಶಿಲುಬೆಯ ಮುಂದೆ ಗಂಟಲಿಗೆ ಇಳಿದದ್ದು ಹೊಟ್ಟೆಗೆ ಹೋಗುವುದಿಲ್ಲ, ನೇರ ಸ್ವರ್ಗಕ್ಕೆ ಹೋಗುತ್ತದೆ. ಪ್ರಶ್ನೆಯನ್ನೇ ತಪ್ಪಾಗಿ ಕೇಳಿದ್ದಕ್ಕೆ ಅವನು ಮನಸ್ಸಿನಲ್ಲೇ ತನ್ನ ಕಪಾಳಕ್ಕೆ ಹೊಡೆದುಕೊಂಡ. ಅವನೂ ಇದೇ ಊರಿನವನಲ್ಲವೇ.

"ರುಜಾರ್ ಎಷ್ಟು ಗ್ಲಾಸು?"

"ಅವನಾ?" ಒಬ್ಬ ಮುದುಕ ನಕ್ಕ. "ಲಿವರ್ ಕೆಟ್ಟು ಆಸ್ಪತ್ರೆ ಸೇರಿ ಬಂದಾಗಿಂದ ಅವನು ಕಟ್ಟೆ ಕಡೆ ತಲೆಯೇ ಹಾಕಲ್ಲ. ಆಸೆ ಆಗತ್ತಂತೆ. ಈ ಕೇರಿಯಲ್ಲಿ ಕಾರು ಓಡಿಸೋರು ಎಲ್ಲರೂ ಅವತ್ತು ಗ್ಲಾಸು ಹಿಡಿದಿದ್ರು. ಅವನೊಬ್ಬ ಬಿಟ್ಟು."

"ಕಟ್ಟೆಗೆ ಬಾರದೋನು ಅಲ್ಲಿಂದ ಕಾರು ಹೇಗೆ ಓಡಿಸಿದ?"

ಬಾರಿನಲ್ಲಿ ಎಲ್ಲರಿಗೂ ಒಮ್ಮೆಲೇ ತಮ್ಮ ತಮ್ಮ ಗ್ಲಾಸಿನ ತಳದಲ್ಲಿ ಏನೋ ಕಂಡಿತು.

"ಬಂದಿರಬಹುದು," ಎಂದ ಸಾಂತಾನ್ ಕಡೆಗೆ. "ಭಾಟ್ಕಾರರ ಅಮ್ಮ ಬಂದಿದ್ರಲ್ಲ, ಕರ್ಕೊಂಡು ಹೋಗೋಕೆ ಬಂದಿರಬಹುದು. ನಾವು ಕಡಲೆ ತಿಂತಿದ್ವಿ. ರಸ್ತೆ ನೋಡ್ಲಿಲ್ಲ."

ದಿಗಂಬರ ಎದ್ದ. ಭಾಟ್ಕಾರರ ಅಮ್ಮ. ಅದನ್ನು ಯಾರೂ ಈವರೆಗೆ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

ಇನ್‌ಸ್ಪೆಕ್ಟರ್ ಪ್ರಭುದೇಸಾಯಿ ಫೋನಿನಲ್ಲಿ ಊಟ ಅಗಿಯುತ್ತಲೇ ಮಾತಾಡಿದರು.

"ವರದಿ ನೋಡ್ದೆ. ಸತ್ತೋನು ಕುಡಿದಿರಲಿಲ್ಲ, ಸರಿ. ಅದರಿಂದ ನಿನಗೇನು ಸಿಕ್ತು? ಓಡಿಸಿದ್ದು ರುಜಾರ್ ಅಂತ ರುಜಾರನೇ ಹೇಳ್ತಾನೆ. ಅವನ ಉಸಿರು ಪರೀಕ್ಷೆ ಮಾಡಿದ್ವಿ, ಸ್ವಚ್ಛ. ಅಜಾಗರೂಕತೆ, ಮುಗೀತು. ನಾಳೆ ಕಾಗದ ಕೋರ್ಟಿಗೆ ಹೋಗತ್ತೆ."

"ಲೀನೊ ಓಡಿಸಿದ್ದು ಅಂತ ತೋರಿಸಿದ್ರೆ?"

"ಯಾವ ರಕ್ತ ತೋರಿಸ್ತೀಯ? ಅವತ್ತಿನ ಫೆನಿ ಅವತ್ತೇ ಇಳೀತು. ಕುಡಿದು ಗುದ್ದಿದ ಅನ್ನೋದನ್ನ ನೀನು ಅರ್ಧ ಸಾಬೀತು ಮಾಡಬಹುದು, ಅಷ್ಟೆ." ಅಗಿಯುವುದು ನಿಂತಿತು. "ಆದ್ರೆ ಕೇಳು ವೇಳಿಪಾ. ಕುಡಿದು ಗುದ್ದೋದು ಒಂದು ಅಪರಾಧ. ಗುದ್ದಿದ ಮೇಲೆ ಗಾಯಾಳುವನ್ನ ಆಸ್ಪತ್ರೆಗೆ ಮುಟ್ಟಿಸದೇ ಹೋಗೋದು ಇನ್ನೊಂದು. ಇಳಿದು ನೋಡಿ, ಜೀವ ಇದೆ, ಬಿಟ್ರೆ ಸಾಯ್ತಾನೆ ಅಂತ ತಿಳಿದೂ ಬಿಟ್ಟು ಹೋಗಿದ್ರೆ ಅದರ ಬಣ್ಣವೇ ಬೇರೆ. ಅದು ಕೊಲೆಯ ಪಕ್ಕದ ಮನೆ. ಅದಕ್ಕೆ ರಕ್ತ ಬೇಡ, ಬಾಯಿ ಬೇಕು. ಓಡಿಸಿದ್ದು ನಾನಲ್ಲ ಅಂತ ರುಜಾರ್ ಬಾಯಲ್ಲಿ ಹೇಳಿಸು, ನಾಳೆ ಆ ಹುಡುಗ ವಿಮಾನ ಹತ್ತದ ಹಾಗೆ ನಾನು ನೋಡ್ಕೋತೀನಿ. ಹೇಳಿಸೋಕಾಗದಿದ್ರೆ ಕಾಲುಚೀಲ ಒಗೆದು ಒಣಗಿಸು."

ರುಜಾರ್ ಹೇಳುತ್ತಿರಲಿಲ್ಲ. ಅದೇ ದಿಗಂಬರನ ಹೊಟ್ಟೆ ಉರಿಸಿದ್ದು. ರುಜಾರ್ ಅವನಪ್ಪನ ಜೊತೆ ಗೇರುಹಣ್ಣು ತುಳಿದವನು, ಅಪ್ಪ ಸತ್ತಾಗ ಹೆಣ ಹೊತ್ತವನು. ಜಾಮೀನಿನ ಮೇಲೆ ಹೊರಬಂದಾಗಿನಿಂದ ಅವನದು ಒಂದೇ ಮಾತು, "ನಾನೇ ಗುದ್ದಿದ್ದು ಮಗಾ, ಬಿಡು." ರುಜಾರ್‌ನ ಮನೆ ನಿಂತಿರುವುದು ಧಣಿಯ ನೆಲದಲ್ಲಿ. ಬಾಯಿ ಬಿಟ್ಟರೆ ಹೆಂಚು ಉಳಿಯುವುದಿಲ್ಲ. ಆ ಹೆದರಿಕೆಯ ಬೀಗ ಒಡೆದರೆ ಆಯಿತು ಎಂದುಕೊಂಡು ದಿಗಂಬರ ಫುರ್ತಾದ್ ಮನೆಗೆ ಹೊರಟ.

ಮುಂಬಾಗಿಲಿಂದ.

ಜಗಲಿಯ ಕಲ್ಲುಬೆಂಚಿನ ಮೇಲೆ ಫುರ್ತಾದ್ ನೋವಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಲೀನೊ ಸೂಟ್‌ಕೇಸಿಗೆ ಪಟ್ಟಿ ಕಟ್ಟುತ್ತಿದ್ದ. ಹಡಗಿನ ಎಂಜಿನಿಯರು, ಅಗಲ ಹೆಗಲು, ನಿದ್ದೆಗೆಟ್ಟ ಕಣ್ಣು. ಮಾವಿನ ನೆರಳಲ್ಲಿ ರುಜಾರ್ ಕಾರು ಒರೆಸುತ್ತಿದ್ದ. ಒಡೆದ ದೀಪಕ್ಕೆ ಹೊಸದು ಬಂದಿತ್ತು.

ಎದುರು ಬೆಂಚಿನಲ್ಲಿ ಧಣಿಯ ತಾಯಿ ಎಸ್ಪೆರಾನ್ಸ್ ಬಾಯ್, ತೊಡೆಯ ಮೇಲೆ ಕಪ್ಪು ಕೈಚೀಲ.

"ಯಾರು, ದಿಗು ಅಲ್ವಾ? ಮುಂದಿನಿಂದ ಬಂದ್ಯಾ? ಒಳ್ಳೇದು ಮಾಡ್ದೆ. ಹಿಂದೆ ಹಂದಿ ಗಲೀಜು ಮಾಡಿದೆ."

ಫುರ್ತಾದ್ ಮುಖ ಗಂಟಿಕ್ಕಿದರು. ದಿಗಂಬರ ಮೆಟ್ಟಿಲು ಹತ್ತಿ ಟೋಪಿ ತೆಗೆದ. ಧಣಿಯ ಕಡೆ ನೋಡಲೇ ಇಲ್ಲ.

"ಬಾಯ್, ಬಿಸಿಲಿಗೆ ತಲೆ ಸುತ್ತು ಬಂದ ಹಾಗಿದೆ. ನಿಮ್ಮ ಹತ್ರ ಜೀರಿಗೇದು ಇದೆಯಾ, ಹಣೆಗೆ ಹಚ್ಕೊಳ್ಳೋಕೆ?"

"ಇಲ್ದೆ ಏನು? ನಮ್ಮಮ್ಮನ ಕಾಲದಿಂದ ಈ ಚೀಲದಲ್ಲಿ ಅದಿಲ್ಲದ ದಿನ ಇಲ್ಲ." ಮುದುಕಿ ಚೀಲದ ಬಾಯಿ ತೆರೆದು ಪುಟ್ಟ ಸೀಸೆ ಹೊರತೆಗೆದಳು. ಬೆಳಕಿಗೆ ಹಿಡಿದಳು. "ತಳದಲ್ಲಿ ಒಂಚೂರಿದೆ, ತಗೋ. ಇದ್ದದ್ದೆಲ್ಲ ಪಾಪ ಮಿಂಗೆಲ್‌ಗೆ ಹೋಯ್ತು."

ಲೀನೊನ ಕೈಯಲ್ಲಿ ಪಟ್ಟಿ ನಿಂತಿತು.

"ಮಾಯ್," ಎಂದರು ಫುರ್ತಾದ್. "ಒಳಗೆ ಹೋಗು."

"ಯಾಕೆ ಹೋಗ್ಲಿ? ಒಳ್ಳೆ ಕೆಲಸ ಮಾಡಿದ್ದನ್ನ ಹೇಳೋಕೆ ನಾಚಿಕೆ ಏನು? ನೀನು ಯಾರಿಗೂ ಹೇಳ್ಬೇಡ ಅಂದೆ, ಹೇಳ್ಲಿಲ್ಲ. ಇವನು ಪೊಲೀಸು. ಪೊಲೀಸಿಗೆ ಗೊತ್ತಿರಲ್ವಾ?" ಅವಳು ದಿಗಂಬರನ ಹಣೆಗೆ ತಾನೇ ಹನಿ ಹಚ್ಚಿದಳು. ಕಾಲುಚೀಲದ್ದೇ ವಾಸನೆ. "ಲೀನೊಗೆ ಕೈಕಾಲು ಬಿದ್ದೇ ಹೋಗಿತ್ತು. ಬೇಲಿ ಹತ್ರ ವಾಂತಿ ಮಾಡ್ಕೋತಿದ್ದ. ನಾನೇ ಇಳಿದೆ, ಈ ಮಂಡಿ ಇಟ್ಕೊಂಡು. ಬೂಟು ಬಿಚ್ಚಿ ಅಂಗಾಲು ಉಜ್ಜಿದೆ. ತಲೆಗೆ ಪೆಟ್ಟಿಗೆ ಕೊಟ್ಟೆ. ಕಣ್ಣು ಬಿಟ್ಟ. 'ಎಸ್ಪೆರಾನ್ಸ್ ಬಾಯ್, ಪಿಟೀಲು ಒಡೀತಾ?' ಅಂತ ಕೇಳಿದ. ಇಲ್ಲ ಅಂದೆ."

"ಆಮೇಲೆ?"

"ಆಮೇಲೆ ಲೀನೊ ಅಪ್ಪನಿಗೆ ಫೋನ್ ಹಚ್ಚಿದ. ಇವನು ಆಂಬುಲೆನ್ಸ್ ಕಳಿಸ್ತೀನಿ, ನೀವು ಮನೆಗೆ ಬನ್ನಿ ಅಂದ. ಬಂದ್ವಿ. ಆಸ್ಪತ್ರೆಯಲ್ಲಿ ಉಳಿಸೋಕೆ ಆಗ್ಲಿಲ್ಲ ಅಂದ್ರು. ದೇವರಿಚ್ಛೆ."

ದಿಗಂಬರ ಅವಳ ಪಕ್ಕದಲ್ಲಿ ಕೂತ. ಸಿಟ್ಟು ಎಲ್ಲಿ ಹೋಯಿತೋ, ಆ ಕ್ಷಣ ಅವನಿಗೆ ಬರೀ ಆಯಾಸವಾಗಿತ್ತು.

"ಆಂಬುಲೆನ್ಸ್ ಬರಲಿಲ್ಲ ಬಾಯ್. ಯಾರೂ ಕರೀಲಿಲ್ಲ. ಮಿಂಗೆಲ್ ನೀವು ಮಲಗಿಸಿದ ಕಡೆಯೇ ಸತ್ರು."

ಮುದುಕಿ ಮಗನನ್ನು ನೋಡಿದಳು. ಮಗ ಸ್ಟೂಲಿನ ಮೇಲಿದ್ದ ತಮ್ಮ ಕಾಲು ನೋಡಿಕೊಂಡರು. ಸೀಸೆಯ ಮುಚ್ಚಳ ಅವಳ ಕೈಯಿಂದ ಜಾರಿ ಉರುಳಿತು, ಯಾರೂ ಎತ್ತಲಿಲ್ಲ.

"ಪಪ್ಪಾ ಕಳಿಸ್ತೀನಿ ಅಂದ್ರು," ಎಂದ ಲೀನೊ. "ನಾನೇ ಕರ್ಕೊಂಡು ಹೋಗ್ತಿದ್ದೆ. ಆಸ್ಪತ್ರೆಯೋರು ವಾಸನೆ ಹಿಡಿದ್ರೆ ನನ್ನ ಹಡಗು..."

"ಬಾಯಿ ಮುಚ್ಚು ಲೀನೊ," ಎಂದರು ಫುರ್ತಾದ್. ಆಮೇಲೆ ದಿಗಂಬರನ ಕಡೆ ತಿರುಗಿದರು. "ಮುದುಕಿಗೆ ಅರಳುಮರಳು. ಕೋರ್ಟಿನಲ್ಲಿ ಎರಡು ಪ್ರಶ್ನೆಗೆ ಉದುರಿ ಹೋಗ್ತಾಳೆ."

"ನೀವು ಅವತ್ತು ಕುಡಿದಿದ್ರಾ ಪಾತ್ರಾಂವ್?"

"ಏನು?"

"ಕಾಲುನೋವು ಅಂತ ಕಟ್ಟೆಗೆ ಬಂದಿರಲಿಲ್ಲ. ಮನೇಲಿ ಒಂದು ಗ್ಲಾಸು?"

"ವೈದ್ಯರು ಬಿಡಿಸಿ ವರ್ಷ ಆಯ್ತು. ಯಾಕೆ?"

"ಕುಡಿದಿದ್ರೆ ತಲೆ ಓಡ್ಲಿಲ್ಲ ಅಂತ ನನಗೆ ನಾನೇ ಹೇಳ್ಕೋಬಹುದಿತ್ತು." ದಿಗಂಬರ ಎದ್ದು ನಿಂತ. "ಈ ಕೇರಿಯಲ್ಲಿ ಅವತ್ತು ಗ್ಲಾಸು ಮುಟ್ಟದ ಡ್ರೈವರ್ ಒಬ್ಬನೇ. ಅವನು ನಿಮ್ಮ ಕೈಕೆಳಗೇ ಇದ್ದ. ಕಾರು ಅಂಗಳದಲ್ಲಿತ್ತು, ಎಂಜಿನ್ ಆರಿರಲಿಲ್ಲ. ಇಲ್ಲಿಂದ ಹೊರಟ್ರೆ ಮೊದಲು ಮಿಂಗೆಲ್ ಬಿದ್ದ ಜಾಗ, ಅದು ದಾಟಿದ್ರೆ ಆಸ್ಪತ್ರೆ, ಆಸ್ಪತ್ರೆ ದಾಟಿದ್ರೆ ಠಾಣೆ. ಇರೋದು ಒಂದೇ ರಸ್ತೆ. ಅವನನ್ನ ಆಸ್ಪತ್ರೆಗೆ ಕಳಿಸಬಹುದಿತ್ತು. ಠಾಣೆಗೆ ಕಳಿಸಿದ್ರಿ. ಗಾಯಾಳುವನ್ನ ಹೊರೋಕಲ್ಲ, ನಿಮ್ಮ ಮಗನ ಕೇಸು ಹೊರೋಕೆ."

ಅಂಗಳದಲ್ಲಿ ಕಾರು ಒರೆಸುವ ಸದ್ದು ನಿಂತಿತ್ತು.

ದಿಗಂಬರ ಜಗಲಿಯ ಅಂಚಿಗೆ ಬಂದ. "ರುಜಾರ್ ಮಾಮಾ, ಕೇಳಿಸಿಕೊಂಡ್ರಲ್ಲ. ಇನ್ನು ಮುಚ್ಚೋಕೆ ಏನೂ ಉಳಿದಿಲ್ಲ. ಓಡಿಸಿದ್ದು ನಾನಲ್ಲ ಅಂತ ಒಂದೇ ಒಂದು ಮಾತು. ಮನೆ ಹೋಗತ್ತೆ ಅಂತ ಹೆದರಬೇಡಿ. ಆ ನೆಲದಲ್ಲಿ ಕೂತವನನ್ನ ಎಬ್ಬಿಸೋಕೆ ಯಾವ ಧಣಿಗೂ ಈಗ ಆಗಲ್ಲ, ಕಾನೂನಿದೆ. ನಾನಿದೀನಿ."

ರುಜಾರ್ ಬಟ್ಟೆ ಹಿಂಡಿದ. ನೀರು ಹೋದ ಮೇಲೂ ಹಿಂಡುತ್ತಲೇ ಇದ್ದ.

"ಮನೆಗೆ ಹೆದರಿದ್ದಲ್ಲ ಮಗಾ."

"ಮತ್ತೆ?"

"ಹೇಳು ರುಜಾರ್," ಎಂದರು ಫುರ್ತಾದ್. ಅವರ ದನಿಗೆ ಹಳೆಯ ನೆಮ್ಮದಿ ಮರಳಿ ಬಂದಿತ್ತು. "ನಿನ್ನ ಪೊಲೀಸಿಗೆ ಹೇಳು. ಯಾವ ರಸ್ತೇಲಿ ಹೋದೆ, ಏನು ನೋಡ್ದೆ ಅಂತ."

ರುಜಾರ್ ದಿಗಂಬರನನ್ನು ನೋಡಲಿಲ್ಲ. ಕಾರಿನ ಹೊಸ ದೀಪವನ್ನು ನೋಡುತ್ತ ಹೇಳಿದ.

"ಎಲ್ಲೂ ನಿಲ್ಲಿಸಬೇಡ, ನೇರ ಠಾಣೆಗೆ ಹೋಗು ಅಂದಿದ್ರು. ಒಂದು ದೀಪ ಉರೀತಿತ್ತು. ಅದರ ಬೆಳಕಲ್ಲಿ ಮಿಂಗೆಲ್ ಕಂಡ. ಕೈ ಎತ್ತಿದ ದಿಗು. ಬಸ್ಸಿಗೆ ಕೈ ಮಾಡ್ತಾರಲ್ಲ, ಹಾಗೆ. ಕಾರಿನ ಗುರುತು ಸಿಕ್ಕಿರಬೇಕು, ತನ್ನನ್ನ ಕರ್ಕೊಂಡು ಹೋಗೋಕೇ ಕಳಿಸಿದಾರೆ ಅಂದ್ಕೊಂಡಿರಬೇಕು. ನಾನು ಬದಿಗೆ ತಿರುಗಿಸಿಕೊಂಡು ಹೋದೆ."

ಮಾವಿನ ಮರದಲ್ಲಿ ಕಾಗೆಯೊಂದು ಕೊಂಬೆ ಬದಲಿಸಿತು.

"ಆಸ್ಪತ್ರೆ ದೀಪ ಬಂತು. ಕಾಲು ಬ್ರೇಕಿನ ಮೇಲೆ ಹೋಯ್ತು. ಹಿಂದೆ ಹೋಗಿ ಎತ್ಕೊಂಡು ಬಂದುಬಿಡ್ಲಾ ಅಂತ. ಮತ್ತೆ ತೆಗೆದೆ. ಠಾಣೆಯಲ್ಲಿ ಕೇಳಿದ್ರು, ಸತ್ತನಾ ಅಂತ. ಸತ್ತ ಅಂದೆ. ಅದಕ್ಕೇ ನಿಮ್ಮೋರು ಚಹಾ ಕುಡಿದು ಹೊರಟ್ರು."

ಎಸ್ಪೆರಾನ್ಸ್ ಬಾಯ್ ಶಿಲುಬೆಯ ಗುರುತು ಮಾಡಿಕೊಂಡಳು. ಅರ್ಧಕ್ಕೆ ಕೈ ನಿಂತಿತು.

"ಬರ್ಕೋ ಈಗ," ಎಂದರು ಫುರ್ತಾದ್. "ಅವನು ಬಾಯಿ ಬಿಟ್ರೆ ನನ್ನ ಮಗ ಒಳಗೆ, ನಾನೂ ಒಳಗೆ, ಒಪ್ಪಿದೆ. ಜೈಲಿನಲ್ಲಿ ಪಕ್ಕದ ಕೋಣೆಗೆ ನಿಮ್ಮಪ್ಪನ ಹೆಣ ಹೊತ್ತವನು. ಬಾಯಿ ಬಿಡದಿದ್ರೆ ಇವನಿಗೊಂದು ಸಣ್ಣ ಕೇಸು, ಊರಿಗೆಲ್ಲ ನೆಮ್ಮದಿ. ಇವನ ಬಾಯಿಯ ಕೀಲಿ ನನ್ನ ಹತ್ರ ಇದೆ ಅಂದ್ಕೊಂಡು ಬಂದ್ಯಲ್ಲ. ನೋಡು, ನಿನ್ನ ಜೇಬಲ್ಲೇ ಇದೆ."

ರುಜಾರನನ್ನು ಬಿಡಿಸಲೆಂದು ದಿಗಂಬರ ಒಂದು ವಾರ ಊಟ ಬಿಟ್ಟಿದ್ದ, ಮೇಲಿನವರ ಬೈಗುಳ ತಿಂದಿದ್ದ, ಅಂಗಳದ ತುಂಬ ನಗೆಪಾಟಲಾಗಿದ್ದ. ಅಮಾಯಕ ಎಂಬ ಒಂದೇ ಪದ ಹಿಡಿದುಕೊಂಡು. ಆ ಪದ ಈಗ ಕೈಯಲ್ಲಿ ಪುಡಿಯಾಗಿತ್ತು.

ಅವನು ಮೆಟ್ಟಿಲಿಳಿದು ಕಾರಿನ ಹತ್ತಿರ ಬಂದ. ರುಜಾರ್ ಅಡ್ಡ ನಿಂತ. ಅವನ ಕಣ್ಣಲ್ಲಿ ನೀರಿರಲಿಲ್ಲ.

"ಕುಡಿದು ಗುದ್ದಿದೋನಿಗೆ ಒಂದು ಕಾನೂನಿದೆ ಅಂತಾರೆ. ಗುದ್ದಿ ಬಿಟ್ಟು ಹೋದೋನಿಗೆ ಇನ್ನೊಂದು. ನಾನು ಗುದ್ದಿಲ್ಲ, ಕುಡಿದೂ ಇರಲಿಲ್ಲ. ಎಲ್ಲ ಸರಿಯಾಗಿ ಕಾಣ್ತಿತ್ತು ನನಗೆ, ಅವನ ಮುಖ, ಅವನ ಕೈ, ಎಲ್ಲ. ಲೀನೊಗೆ ಅಮಲಿತ್ತು ಅಂತ ಬರೀತೀಯ. ನನಗೆ ಏನಿತ್ತು ಅಂತ ಬರೀತೀಯ ದಿಗು?"

ಲೀನೊ ಜಗಲಿಯಲ್ಲಿ ಸೂಟ್‌ಕೇಸಿನ ಪಟ್ಟಿ ಬಿಗಿದ. ಕೊಂಡಿ ಕಟಕ್ಕೆಂದಿತು.

"ಹೇಳು ಮಗಾ. ನೀನು ಏನು ಬರೀ ಅಂದ್ರೂ ಅದಕ್ಕೆ ರುಜು ಹಾಕ್ತೀನಿ. ಹೇಳು."

ದಿಗಂಬರ ಟೋಪಿ ತಲೆಗಿಟ್ಟುಕೊಂಡ. ರುಜಾರ್‌ನ ಭುಜ ತಾಕದಂತೆ ಬಳಸಿ, ಗೇಟು ದಾಟಿ, ಬಿಸಿಲು ಕುದಿಯುತ್ತಿದ್ದ ರಸ್ತೆಗೆ ಇಳಿದು, ಒಂದಕ್ಷರವೂ ಬರೆದುಕೊಳ್ಳದೆ ನಡೆದುಬಿಟ್ಟ.